ಅಣುವ್ರತಕ್ಕೆ ಸೀಮಾಭೇದವುಂಟೆ?

ದುಡಿಮೆ ಮತ್ತು ಸಂಬಳದ ವಿಷಯ ಬಂದಾಗಲೆಲ್ಲ ಜೈನ ಸಮಾಜದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ನಮ್ಮ ಕಡೆಯ ಪದ್ಧತಿಯೇ ಹೀಗೆ.” ಚಿಕ್ಕಪೇಟೆಯ ಜವಳಿ ವರ್ತಕನು ವಾರದ ರಜೆ ಕೊಡದಿರುವುದಕ್ಕೆ ಮಾರವಾಡದ ಪದ್ಧತಿಯನ್ನು ಆಧಾರವಾಗಿ ತೋರಿಸುತ್ತಾನೆ. ತುಳುನಾಡಿನ ಹಳೆಯ ಮನೆತನದವನು ಆಳಿಗೆ ಊಟ ಬಟ್ಟೆ ಕೊಟ್ಟ ಮೇಲೆ ಸಂಬಳದ ಲೆಕ್ಕವೇಕೆಂದು ಕೇಳುತ್ತಾನೆ. ಸಾಲದೆಂಬಂತೆ, ಉತ್ತರದಿಂದ ಬಂದವರು ಹಣದ ಬೆನ್ನು ಹತ್ತಿದವರೆಂದು ಇಲ್ಲಿಯವರೂ, ಇಲ್ಲಿಯವರು ಆಲಸಿಗಳೆಂದು ಉತ್ತರದವರೂ ಪರಸ್ಪರ ಹಳಿಯುತ್ತಾರೆ. ಈ ವಾಗ್ವಾದದ ನಡುವೆ ದುಡಿಯುವವನ ಅಹವಾಲನ್ನು ಕೇಳುವವರೇ ಇರುವುದಿಲ್ಲ.

ಪ್ರಾಂತದಿಂದ ಪ್ರಾಂತಕ್ಕೆ ದುಡಿಮೆಯ ರೀತಿನೀತಿಗಳು ಬೇರೆಯೆಂಬುದು ನಿಜ. ಗುಜರಾತ, ರಾಜಸ್ಥಾನಗಳ ಪೇಢಿಯಲ್ಲಿ ಬರಹಕ್ಕಿಂತ ಮಾತು ದೊಡ್ಡದು. ಊರಿನಿಂದ ಬಂದ ಹುಡುಗನು ಮಾಲೀಕನ ಮನೆಯಲ್ಲೇ ಉಂಡು, ಗಾದಿಯ ಪಕ್ಕದಲ್ಲಿ ಕುಳಿತು ವ್ಯಾಪಾರ ಕಲಿತು, ಮುಂದೆ ಅವನ ಉದ್ದರಿಯಿಂದಲೇ ಸ್ವಂತ ಅಂಗಡಿ ತೆರೆಯುವುದುಂಟು. ಬೆಳಗಾವಿ, ಸಾಂಗಲಿ ಸೀಮೆಯ ಜೈನರಲ್ಲಿ ಬಹುಪಾಲು ಒಕ್ಕಲಿಗರು. ಅಲ್ಲಿ ಹೊಲದ ಒಡೆಯನೂ ಕೂಲಿಯವನೊಡನೆ ಕೆಸರಿಗೆ ಇಳಿಯುತ್ತಾನೆ. ಕಣದಲ್ಲಿ ರಾಶಿಯಾದಾಗ ಬಡಿಗ, ಕಮ್ಮಾರರಿಗೆ ಆಯವನ್ನು ಅಳೆದುಕೊಡುವುದು ಅಲ್ಲಿನ ಹಿಂದಿನ ರೂಢಿ. ತುಳುನಾಡಿನಲ್ಲಿ 1974ರ ಭೂಸುಧಾರಣೆಯವರೆಗೂ ಧಣಿ ಮತ್ತು ಗೇಣಿದಾರರ ಸಂಬಂಧವೇ ದುಡಿಮೆಯ ಮರ್ಯಾದೆಯನ್ನು ನಿರ್ಣಯಿಸುತ್ತಿತ್ತು. ಬೆಂಗಳೂರಿನ ಇಂದಿನ ಕಚೇರಿಗಳಲ್ಲಾದರೋ ನೇಮಕಪತ್ರ, ವೇಳಾಪಟ್ಟಿ, ರಜೆಯ ಲೆಕ್ಕಗಳದೇ ಆಳ್ವಿಕೆ.

ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಗುಣವಿದೆ, ಒಂದು ಕುರುಡೂ ಇದೆ. ಪೇಢಿಯ ಮಾಲೀಕನು ಮುನೀಮನ ಮಗಳ ಮದುವೆಗೆ ಕೇಳದೆಯೇ ಹಣ ಕೊಟ್ಟಾನು. ಆದರೆ ಆ ಉಪಕಾರದ ಹಂಗಿಗೆ ಬಿದ್ದ ಮುನೀಮನು ಸಂಬಳ ಹೆಚ್ಚಿಸೆಂದು ಬಾಯಿಬಿಡಲಾರ. ಕಚೇರಿಯ ಅಧಿಕಾರಿಯು ತಿಂಗಳ ಸಂಬಳವನ್ನು ತಪ್ಪಿಸುವುದಿಲ್ಲ. ಆದರೆ ಕೆಲಸಗಾರನ ಮನೆಯಲ್ಲಿ ಕಾಯಿಲೆಯೆಂದರೆ ಅದು ಅವನಿಗೆ ಸಂಬಂಧಿಸಿದ ಸಂಗತಿಯಲ್ಲ. ಪದ್ಧತಿಗಳ ಗುಣವನ್ನು ಹಾಡಿಹೊಗಳಿ ದೋಷಕ್ಕೆ ಪ್ರಾಂತದ ಹೆಸರನ್ನು ಹೊದಿಸುವುದು ಯಾವ ನ್ಯಾಯ?

ಶ್ರಾವಕನ ಆಚಾರವನ್ನು ಆಚಾರ್ಯರು ಪ್ರಾಂತಕ್ಕೊಂದರಂತೆ ಬರೆಯಲಿಲ್ಲ. ದಿಗಂಬರ, ಶ್ವೇತಾಂಬರರಿಬ್ಬರಿಗೂ ಮಾನ್ಯವಾದ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಎಣಿಸಿದೆ. ಶಕ್ತಿಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ಮಾಡುವುದು ಇವುಗಳ ಅರ್ಥ. ಎತ್ತಿನ ಬೆನ್ನಿಗೆ ಸಲ್ಲುವ ಈ ಮಾತು ಮೂಟೆ ಹೊರುವ ಹಮಾಲನಿಗೂ ಹನ್ನೆರಡು ತಾಸು ನಿಂತೇ ಬಟ್ಟೆ ಬಿಚ್ಚಿ ತೋರಿಸುವ ಅಂಗಡಿಯಾಳಿಗೂ ಸಲ್ಲದೆ? ಸಂಬಳ ತಡೆದರೆ ಅವನ ಮಕ್ಕಳ ಅನ್ನವನ್ನು ತಡೆದಂತಾಗದೆ? ಗುಣವ್ರತಗಳಲ್ಲಿ ದಿಗ್ವ್ರತವೆಂಬುದೊಂದಿದೆ, ನಿಜ. ಅದು ಶ್ರಾವಕನ ಸಂಚಾರಕ್ಕೂ ಆಸೆಗೂ ದಿಕ್ಕುಗಳ ಮೇರೆಯನ್ನು ಹಾಕುತ್ತದೆ. ಅಹಿಂಸೆಗೆ ಮೇರೆ ಹಾಕುವ ವ್ರತವನ್ನು ಯಾವ ಆಚಾರ್ಯರೂ ಬೋಧಿಸಿಲ್ಲ.

ನಡತೆಯನ್ನು ಸೀಮೆಯೇ ರೂಪಿಸುತ್ತದೆಂಬ ವಾದಕ್ಕೆ 1918ರ ಅಹಮದಾಬಾದಿನ ಗಿರಣಿ ಮುಷ್ಕರವೇ ಒರೆಗಲ್ಲು. ಪ್ಲೇಗಿನ ಕಾಲದಲ್ಲಿ ಕೆಲಸಗಾರರು ಊರು ಬಿಡದಿರಲೆಂದು ಕೊಡುತ್ತಿದ್ದ ಹೆಚ್ಚುವರಿ ಹಣವನ್ನು ಮಾಲೀಕರು ನಿಲ್ಲಿಸಿದರು. ಬೆಲೆಯೇರಿಕೆಯಿಂದ ಕಂಗೆಟ್ಟಿದ್ದ ಕಾರ್ಮಿಕರು ಶೇಕಡ 35ರ ಹೆಚ್ಚಳ ಕೇಳಿದರು. ಮಾಲೀಕರು ಶೇಕಡ 20ಕ್ಕಿಂತ ಮೇಲೇರಲಿಲ್ಲ. ಮಾಲೀಕರ ಮುಂದಾಳು ಜೈನ ಮನೆತನದ ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪಕ್ಷ ವಹಿಸಿದವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಸಾರಾಭಾಯಿ. ಗಾಂಧೀಜಿಯವರ ಉಪವಾಸದ ನಂತರ ವಿವಾದವು ಪಂಚಾಯಿತಿಗೆ ಹೋಗಿ, ಕೊನೆಗೆ ಶೇಕಡ 35ರ ಬೇಡಿಕೆಯೇ ನ್ಯಾಯವೆಂದು ತೀರ್ಮಾನವಾಯಿತು. 1920ರಲ್ಲಿ ಅನಸೂಯಾ ಅವರ ಮುಂದಾಳುತನದಲ್ಲಿ ಮಜೂರ ಮಹಾಜನ ಸಂಘವು ಸ್ಥಾಪನೆಯಾಯಿತು. ಒಂದೇ ಊರು, ಒಂದೇ ಮನೆ, ಒಂದೇ ಧರ್ಮ. ನಿಲುವು ಮಾತ್ರ ಎರಡು. ಪದ್ಧತಿಯೇ ಮನುಷ್ಯನನ್ನು ನಡೆಸುವುದಾದರೆ ಅಕ್ಕನಿಗೆ ಕಂಡದ್ದು ತಮ್ಮನಿಗೆ ಏಕೆ ಕಾಣಲಿಲ್ಲ?

ಅನೇಕಾಂತವನ್ನು ಮುಂದೊಡ್ಡುವವರೂ ಇದ್ದಾರೆ. ಎಲ್ಲ ಪದ್ಧತಿಗಳಲ್ಲೂ ಸತ್ಯಾಂಶವಿರುವಾಗ ಒಂದನ್ನು ದೂಷಿಸುವುದು ಏಕಾಂತವಾಗದೆ ಎಂದು ಅವರು ಕೇಳುತ್ತಾರೆ. ಅನೇಕಾಂತವು ವಸ್ತುವನ್ನು ಎಲ್ಲ ಕಡೆಯಿಂದಲೂ ನೋಡೆನ್ನುತ್ತದೆ. ಮಾಲೀಕನ ಕಡೆಯಿಂದ ಮಾತ್ರ ನೋಡಿ, ಕೆಲಸಗಾರನ ಕಡೆಗೆ ಕಣ್ಣು ಮುಚ್ಚುವುದೇ ನಿಜವಾದ ಏಕಾಂತ. ರಾಜ್ಯದ ಕಾನೂನಿಗೆ ತಿಳಿದಿರುವಷ್ಟೂ ಶ್ರಾವಕನಿಗೆ ತಿಳಿಯಬಾರದೆ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ವಾರಕ್ಕೊಂದು ಪೂರ್ಣ ದಿನದ ರಜೆಯನ್ನು 1961ರಲ್ಲಿಯೇ ವಿಧಿಸಿತು. ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಕಾನೂನು ಕನಿಷ್ಠ ಮಿತಿಯನ್ನು ಹೇಳುತ್ತದೆ. ವ್ರತವು ಅದಕ್ಕಿಂತ ಮೇಲಿರಬೇಕಾದುದು.

ಈ ಕಾರ್ಯ ಮೊದಲು ಬಸದಿಗಳ ವಿಶ್ವಸ್ತ ಮಂಡಲಿಗಳಿಂದಲೇ ಆರಂಭವಾಗಬೇಕು. ಅಭಿಷೇಕದ ಕಲಶಕ್ಕೆ ಯಾರು ಎಷ್ಟು ಕೊಟ್ಟರೆಂಬುದನ್ನು ವೇದಿಕೆಯಿಂದ ಘೋಷಿಸಲಾಗುತ್ತದೆ. ಬಸದಿಯ ಅಂಗಳ ಗುಡಿಸುವವಳಿಗೆ, ಧರ್ಮಶಾಲೆಯ ಅಡುಗೆಯವನಿಗೆ, ರಾತ್ರಿ ಕಾವಲಿನವನಿಗೆ ಎಷ್ಟು ಸಲ್ಲುತ್ತಿದೆಯೆಂಬುದನ್ನು ಯಾವ ಸಭೆಯಲ್ಲಿ ಓದಿ ಹೇಳಲಾಗುತ್ತದೆ? ವಾರ್ಷಿಕ ಲೆಕ್ಕಪತ್ರದಲ್ಲಿ ಅವರ ಸಂಬಳ, ರಜೆ, ಬಾಕಿಗಳ ವಿವರ ಮೊದಲ ಪುಟದಲ್ಲಿರಲಿ. ಪ್ರತಿಯೊಬ್ಬರಿಗೂ ನೇಮಕಪತ್ರ ದೊರೆಯಲಿ. ಶ್ರಾವಕರ ಅಂಗಡಿಗಳೂ ಮನೆಗಳೂ ಇದನ್ನೇ ಅನುಸರಿಸಲಿ.

ಕ್ಷಮಾವಣಿಯ ದಿನ ಬಂಧುಮಿತ್ರರ ಮುಂದೆ ಕೈಜೋಡಿಸುವುದು ಸುಲಭ. ಮೂರು ತಿಂಗಳ ಸಂಬಳ ಬಾಕಿಯುಳಿಸಿಕೊಂಡವನು ಕೆಲಸದಾಳಿನ ಮುಂದೆ ಕೈಜೋಡಿಸುವ ಮೊದಲು ಆ ಬಾಕಿಯನ್ನು ತೀರಿಸಲಿ. ಆ ಋಣಕ್ಕೆ ಮಾರವಾಡದ ಲೆಕ್ಕ ಬೇರೆ, ತುಳುನಾಡಿನ ಲೆಕ್ಕ ಬೇರೆ ಎಂಬುದಿಲ್ಲ.