ಒನಕೆ ಯಾಕೆ ನಿಲ್ಲುತ್ತೆ ಅಂತ ಕೇಳಿದರೆ

ಸೆಮಿಸ್ಟರ್ ಮುಗಿಸಿ ಊರಿಗೆ ಹೋದಾಗ ನಮಗೆಲ್ಲರಿಗೂ ಒಂದು ಪರೀಕ್ಷೆ ಕಾದಿರುತ್ತೆ. ಅದಕ್ಕೆ ಸಿಲಬಸ್ ಇಲ್ಲ, ಕ್ವೆಶ್ಚನ್ ಬ್ಯಾಂಕ್ ಇಲ್ಲ, ಹಿಂದಿನ ರಾತ್ರಿ ತಿರುವಿ ಹಾಕೋಕೆ ಸೀನಿಯರ್ಸ್ ನೋಟ್ಸೂ ಇಲ್ಲ. ಆರನೇ ಕ್ಲಾಸಿನ ತಂಗಿ ಕೇಳ್ತಾಳೆ, "ಬಾಹ್ಯಾಕಾಶಕ್ಕೆ ಹೋದವರು ತೇಲೋದ್ಯಾಕೆ?" ಮಾವ ಕೇಳ್ತಾರೆ, "ಫ್ಯಾನ್ ಹಾಕಿಟ್ಟು ಹೋದ್ರೆ ರೂಮು ತಣ್ಣಗಿರುತ್ತಾ?" ಅಜ್ಜಿ ಕೇಳ್ತಾರೆ, "ಗ್ರಹಣದ ದಿನ ಒನಕೆ ನೆಟ್ಟಗೆ ನಿಲ್ಲುತ್ತಲ್ಲಪ್ಪ, ಅದು ಹೆಂಗೆ?" ಎಲ್ಲದರ ಕೊನೆಗೂ ಒಂದೇ ಬಾಲ: "ಇಂಜಿನಿಯರಿಂಗ್ ಓದ್ತಿದೀಯಲ್ಲ, ಹೇಳು ನೋಡೋಣ."

ನಮ್ಮ ವಾದ ಇಷ್ಟೇ. ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಹೇಳೋದು ನಮ್ಮ ಓದಿನ ಹೊರಗಿನ ಕೆಲಸ ಅಲ್ಲ. ವೈವಾದಲ್ಲಿ ಎಕ್ಸ್‌ಟರ್ನಲ್ ಎದುರು ಕೂತು ಡೆಫಿನಿಷನ್ ಒಪ್ಪಿಸೋದಕ್ಕಿಂತ ಇದು ಕಷ್ಟವೂ ಹೌದು. ಎಕ್ಸ್‌ಟರ್ನಲ್‌ಗೆ ಉತ್ತರ ಮೊದಲೇ ಗೊತ್ತಿರುತ್ತೆ. ಒಂದೆರಡು ಸರಿಯಾದ ಪದ ಕಿವಿಗೆ ಬಿದ್ದರೆ ಸಾಕು, ಮಾರ್ಕ್ಸ್ ಹಾಕ್ತಾರೆ. ಅಜ್ಜಿ ಹಾಗಲ್ಲ. ಅವರು ಗೊತ್ತಿಲ್ಲದೇ ಕೇಳ್ತಿರೋದು, ಗೊತ್ತಾಗೋವರೆಗೂ ಬಿಡಲ್ಲ.

ಸಾಮಾನ್ಯವಾಗಿ ಉತ್ತರ ಅಂತ ಕೊಡೋದು ಒಂದು ಹೆಸರನ್ನ. ಯಾಕೆ ತೇಲ್ತಾರೆ? ಜೀರೋ ಗ್ರಾವಿಟಿ. ಮಡಕೆ ನೀರು ಯಾಕೆ ತಣ್ಣಗೆ? ಲೇಟೆಂಟ್ ಹೀಟ್. ಹೆಸರು ಹೇಳಿದ ತಕ್ಷಣ ಕೇಳಿದವರು "ಓ ಹೌದಾ" ಅಂತ ಸುಮ್ಮನಾಗ್ತಾರೆ. ಅರ್ಥ ಆಗಿ ಸುಮ್ಮನಾದದ್ದಲ್ಲ ಅದು. ಇನ್ನು ಇವನ ಹತ್ತಿರ ಕೇಳಿ ಪ್ರಯೋಜನ ಇಲ್ಲ ಅಂತ ಸುಮ್ಮನಾದದ್ದು.

ತೇಲೋ ವಿಚಾರದಲ್ಲಂತೂ ಆ ಹೆಸರೇ ದಾರಿ ತಪ್ಪಿಸುತ್ತೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರೋದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿಂದ ಹುಬ್ಬಳ್ಳಿಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ, ಆದರೆ ಮೇಲಕ್ಕೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಇರುವಾಗ 400 ಕಿ.ಮೀ. ದೊಡ್ಡ ಮಾತೇನಲ್ಲ. ಲೆಕ್ಕ ಹಾಕಿ ನೋಡಿ, ಅಲ್ಲಿ ಗುರುತ್ವದ ಬೆಲೆ 8.7 ಆಸುಪಾಸು ಬರುತ್ತೆ, ಅಂದರೆ ಇಲ್ಲಿನ ಶೇಕಡಾ 88ಕ್ಕಿಂತ ಹೆಚ್ಚು. ಅಷ್ಟೆತ್ತರಕ್ಕೆ ಒಂದು ಗೋಪುರ ಕಟ್ಟಿ ಅದರ ತುದೀಲಿ ತೂಕದ ಯಂತ್ರ ಇಟ್ಟರೆ, ಇಲ್ಲಿ 60 ಕೆ.ಜಿ. ತೂಗೋರು ಅಲ್ಲಿ 53 ಕೆ.ಜಿ. ತೂಗ್ತಾರೆ. ತೇಲೋದಿಲ್ಲ, ಕಾಲೂರಿ ನಿಂತಿರ್ತಾರೆ.

ನಿಲ್ದಾಣದೊಳಗಿನವರು ತೇಲೋದು ಅವರು ಬೀಳ್ತಾ ಇರೋದರಿಂದ. ಅವರೂ ಬೀಳ್ತಿದ್ದಾರೆ, ಸುತ್ತಲಿನ ಗೋಡೆಯೂ ಬೀಳ್ತಿದೆ, ಕೈಯಲ್ಲಿರೋ ಪೆನ್ನೂ ಬೀಳ್ತಿದೆ, ಎಲ್ಲ ಒಟ್ಟಿಗೇ. ಹಾಗಾದ್ರೆ ನೆಲಕ್ಕೆ ಯಾಕೆ ಬಡಿಯಲ್ಲ? ಬೀಳೋದರ ಜೊತೆಗೆ ಸೆಕೆಂಡಿಗೆ 7.7 ಕಿ.ಮೀ. ವೇಗದಲ್ಲಿ ಪಕ್ಕಕ್ಕೂ ಓಡ್ತಾ ಇದ್ದಾರೆ. ಅವರು ಎಷ್ಟು ಕೆಳಗೆ ಬೀಳ್ತಾರೋ ದುಂಡಗಿನ ಭೂಮಿ ಅಷ್ಟೇ ಕೆಳಗೆ ಬಾಗಿಕೊಂಡು ಹೋಗುತ್ತೆ. ಹೀಗೆ ಬೀಳ್ತಾ ಬೀಳ್ತಾ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನ ಒಂದು ಸುತ್ತು ಹಾಕಿಬಿಡ್ತಾರೆ.

ಇಷ್ಟನ್ನೂ ತಂಗಿಗೆ ಬಾಯಲ್ಲಿ ಹೇಳಿದರೆ ಅವಳು ಮೊಬೈಲ್ ಕಡೆ ನೋಡ್ತಾಳೆ. ಅದಕ್ಕೇ ನಾವು ಹೇಳೋದು, ಒಂದು ಹಳೇ ನೀರಿನ ಬಾಟಲಿ ತಗೊಳ್ಳಿ. ತಳದ ಹತ್ತಿರ ಒಂದು ತೂತು ಮಾಡಿ, ಬೆರಳಿಂದ ಮುಚ್ಚಿ ನೀರು ತುಂಬಿ, ಮುಚ್ಚಳ ತೆಗೆದೇ ಇರಲಿ. ಬೆರಳು ತೆಗೆದರೆ ನೀರು ಪಿಚಕಾರಿ ಹೊಡೆದಂಗೆ ಚಿಮ್ಮುತ್ತೆ. ಈಗ ಮಹಡಿ ಮೇಲಿಂದ ಬಾಟಲಿ ಕೈಬಿಡಿ. ಬೀಳುವಷ್ಟು ಹೊತ್ತೂ ತೂತಿಂದ ನೀರು ಬರಲ್ಲ! ಬಾಟಲಿ ಬೀಳುವಷ್ಟೇ ವೇಗದಲ್ಲಿ ನೀರೂ ಬೀಳ್ತಿರೋದರಿಂದ ಒಂದು ಇನ್ನೊಂದನ್ನ ಒತ್ತೋದಿಲ್ಲ. ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದರೆ ಚೆನ್ನಾಗಿ ಕಾಣುತ್ತೆ. ಆ ಒಂದು ಸೆಕೆಂಡು ಬಾಟಲಿಯೊಳಗೆ ಇದ್ದದ್ದೇ ಬಾಹ್ಯಾಕಾಶ ನಿಲ್ದಾಣದೊಳಗೆ ಇಡೀ ದಿನ ಇರೋದು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಸೇರಿ ರೂಪಿಸಿದ ಪ್ರಯೋಗಕ್ಕೆ ಅಂತ ಹೆಸರುಕಾಳು, ಮೆಂತ್ಯ ಕಾಳನ್ನೂ ಒಯ್ದಿದ್ದರು. ತೂಕ ಅನ್ನೋದೇ ಗೊತ್ತಾಗದ ಜಾಗದಲ್ಲಿ ಕಾಳು ಹೇಗೆ ಮೊಳಕೆ ಒಡೆಯುತ್ತೆ ಅಂತ ನೋಡೋಕೆ. ಇದನ್ನೂ ಹೇಳಿ. ನಮ್ಮ ಮನೆ ಡಬ್ಬಿಯಲ್ಲಿರೋ ಮೆಂತ್ಯ ಅಲ್ಲಿಗೆ ಹೋಗಿ ಬಂತು ಅಂದರೆ ತಂಗಿಯ ಮುಂದಿನ ಹತ್ತು ಪ್ರಶ್ನೆ ತಾನಾಗೇ ಹುಟ್ಟುತ್ತೆ.

ಮಾವನ ಫ್ಯಾನು ಸುಲಭ. ಫ್ಯಾನ್ ರೂಮನ್ನ ತಂಪು ಮಾಡಲ್ಲ. ಮೋಟಾರಿನ ಬಿಸಿಯೂ ಸೇರಿ ಇನ್ನಷ್ಟು ಬೆಚ್ಚಗೇ ಮಾಡುತ್ತೆ. ತಂಪಾಗೋದು ನಮ್ಮ ಮೈ, ಬೆವರು ಬೇಗ ಆರೋದರಿಂದ. ಮಡಕೆಯೂ ಹಾಗೇ ಬೆವರುತ್ತೆ. ಒಂದು ಲೀಟರ್ ನೀರಿರೋ ಮಡಕೆಯ ಮೈಯಿಂದ ಬರೀ 10 ಮಿ.ಲೀ. ಆರಿದರೂ ಅದು ಸುಮಾರು 24 ಕಿಲೋಜೌಲ್ ಶಾಖ ಹೊತ್ತುಕೊಂಡು ಹೋಗುತ್ತೆ. ಅಷ್ಟೂ ಒಳಗಿನ ನೀರಿಂದಲೇ ಹೋದರೆ ಐದಾರು ಡಿಗ್ರಿ ತಂಪು. ಏಪ್ರಿಲ್‌ನ ಒಣ ಗಾಳಿಯಲ್ಲಿ ರಾಯಚೂರಿನ ಮಡಕೆ ಕೆಲಸ ಮಾಡಿದಷ್ಟು ಮಂಗಳೂರಿನ ಮಡಕೆ ಮಾಡೋದಿಲ್ಲ ಅನ್ನೋದಕ್ಕೂ ಇದೇ ಕಾರಣ. ಖಾಲಿ ರೂಮಿನಲ್ಲಿ ಬೆವರೋರು ಯಾರೂ ಇಲ್ಲ, ಆದ್ದರಿಂದ ಮಾವ, ಸ್ವಿಚ್ ಆಫ್ ಮಾಡಿ ಹೋಗಿ.

ಈಗ ಒನಕೆ. ಗ್ರಹಣ ಬಂದಾಗಲೆಲ್ಲ ನಮ್ಮ ಊರುಗಳಲ್ಲಿ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸ್ತಾರೆ, ಅದು ನಿಲ್ಲುತ್ತೆ, ಟಿವಿಯವರು ತೋರಿಸ್ತಾರೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನವೂ ಇದೇ ನಡೀತು. ಇದನ್ನ ನೋಡಿ ನಗೋ ಗೆಳೆಯರು ನಮ್ಮಲ್ಲಿ ತುಂಬ ಇದ್ದಾರೆ. ನಗೋದು ನಮಗೆ ಸರಿ ಕಾಣಲ್ಲ. ಅಜ್ಜಿ ಮಾಡಿರೋದು ಪ್ರಯೋಗ. ಒನಕೆ ನಿಂತದ್ದು ನಿಜ, ಅವರು ಕಣ್ಣಾರೆ ಕಂಡದ್ದು ನಿಜ. ಪ್ರಯೋಗದಲ್ಲಿ ಒಂದೇ ಒಂದು ಭಾಗ ಬಿಟ್ಟುಹೋಗಿದೆ: ಗ್ರಹಣ ಇಲ್ಲದ ದಿನ ಒನಕೆ ನಿಲ್ಲಲ್ಲ ಅಂತ ಯಾರೂ ನೋಡಿಲ್ಲ. ಬೇರೆ ದಿನ ಅದು ಮೂಲೆಯಲ್ಲಿ ಒರಗಿಕೊಂಡಿರುತ್ತೆ.

ಹಾಗಾಗಿ ಉತ್ತರ ಹೇಳೋ ಮೊದಲು ಒಂದು ಸುಮ್ಮನೆ ಮಂಗಳವಾರ ಅಜ್ಜಿ ಜೊತೆ ಕೂತು ಒನಕೆ ನಿಲ್ಲಿಸಿ. ಸ್ವಲ್ಪ ತಾಳ್ಮೆ ಬೇಕು. ನಾಲ್ಕಡಿ ಉದ್ದ, ಬುಡ ಆರು ಸೆಂಟಿಮೀಟರ್ ಅಗಲ ಅಂತಿಟ್ಕೊಂಡರೆ ಒನಕೆ ಯಾವ ಕಡೆಗೂ ಮೂರು ಡಿಗ್ರಿಗಿಂತ ಹೆಚ್ಚು ವಾಲೋ ಹಾಗಿಲ್ಲ. ಗುರುತ್ವ ಕೇಂದ್ರ ಬುಡದಿಂದ ಆಚೆ ಹೋಗಿ ಉರುಳುತ್ತೆ. ಬುಡಕ್ಕೆ ಕಬ್ಬಿಣದ ಬಳೆ ಹಾಕಿದ್ದರೆ ಭಾರ ಕೆಳಗೆ ಸೇರಿ ಇನ್ನೂ ಸುಲಭ. ನಿಲ್ಲುತ್ತೆ. ಗ್ರಹಣದ ದಿನ ಸೂರ್ಯ ಚಂದ್ರ ಸೇರಿ ಎಳೆಯೋದರಿಂದ ಅಲ್ವಾ ಅಂತ ಯಾರಾದರೂ ವಿಜ್ಞಾನದ ವೇಷ ಹಾಕಿಸಿದರೆ, ಅವರಿಬ್ಬರೂ ಪ್ರತಿ ಅಮಾವಾಸ್ಯೆಯೂ ಒಂದೇ ಕಡೆಯಿಂದ ಎಳೀತಾರೆ ಅಂತ ನೆನಪಿಸಿ. ಸಮುದ್ರದಲ್ಲಿ ಉಬ್ಬರ ಎಬ್ಬಿಸೋ ಚಂದ್ರನ ಆ ಸೆಳೆತ ಭೂಮಿಯ ಗುರುತ್ವದ ಕೋಟಿಯಲ್ಲೊಂದು ಪಾಲಿನ ಆಸುಪಾಸು. ಒನಕೆಗೆ ಅದು ತಾಗೋದೂ ಇಲ್ಲ.

ಇದರಿಂದ ಏನಾಗಬೇಕು, ಒನಕೆ ನಿಂತರೆ ಯಾರಿಗೇನು ನಷ್ಟ ಅಂತ ಕೇಳಬಹುದು. ಒನಕೆಯಿಂದ ನಷ್ಟ ಇಲ್ಲ. ಅದೇ ತರ್ಕ ಮೈಗೆ ಬಂದಾಗ ನಷ್ಟ ಇದೆ. ಬಸ್‌ಸ್ಟ್ಯಾಂಡಲ್ಲಿ ಯಾರಿಗೋ ಫಿಟ್ಸ್ ಬಂದರೆ ಸುತ್ತ ನಿಂತವರಲ್ಲಿ ಹತ್ತು ಜನ ಜೇಬಿಗೆ ಕೈ ಹಾಕಿ ಬೀಗದ ಕೈ ಹುಡುಕ್ತಾರೆ. ಕಬ್ಬಿಣ ಕೈಯಲ್ಲಿಟ್ಟರೆ ನಿಲ್ಲುತ್ತೆ ಅನ್ನೋ ನಂಬಿಕೆ. ಇಟ್ಟ ಮೇಲೆ ನಿಲ್ಲೋದೂ ನಿಜ! ಯಾಕಂದ್ರೆ ಹೆಚ್ಚಿನ ಫಿಟ್ಸ್ ಒಂದೆರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತೆ, ಕೀ ಹುಡುಕಿ, ಮುಷ್ಟಿ ಬಿಡಿಸಿ ಇಡೋದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತೆ. ಕೀ ಇಡದಿದ್ದರೆ ಏನಾಗ್ತಿತ್ತು ಅಂತ ಯಾರೂ ನೋಡಿಲ್ಲ, ಮಂಗಳವಾರದ ಒನಕೆ ಥರಾನೇ. ನೆಗಡಿಗೆ ಔಷಧಿ ತಗೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಅಂತ ನಗಾಡ್ತೀವಲ್ಲ, ಅದೇ ಮಾತು ಇದು.

ವ್ಯತ್ಯಾಸ ಏನಂದ್ರೆ ಆ ಮೂರು ನಿಮಿಷದಲ್ಲಿ ಮಾಡಬೇಕಾದ ಕೆಲಸ ಬೇರೆ ಇರುತ್ತೆ. ಬಿದ್ದವರನ್ನ ಪಕ್ಕಕ್ಕೆ ಹೊರಳಿಸಬೇಕು, ಉಸಿರಿಗೆ ದಾರಿ ಇರಲಿ, ಜೊಲ್ಲು ಹೊರಗೆ ಹೋಗಲಿ ಅಂತ. ತಲೆ ಕೆಳಗೆ ಮೆತ್ತಗೆ ಏನಾದರೂ ಇಡಬೇಕು, ಒಂದು ಜರ್ಕಿನ್ನೋ ಬ್ಯಾಗೋ. ಹತ್ತಿರದ ಕಲ್ಲು, ಕುರ್ಚಿ ಸರಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು, ಚಮಚ ಬೇಡ, ನೀರೂ ಬೇಡ. ಕೈಕಾಲು ಅದುಮಿ ಹಿಡೀಬಾರದು. ಮುಖ್ಯವಾಗಿ ಒಬ್ಬರು ಗಡಿಯಾರ ನೋಡಬೇಕು: ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಆಗೋ ಮೊದಲೇ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಬೇಕು. ಹತ್ತು ಜನ ಕೀ ಹುಡುಕ್ತಿದ್ದರೆ ಗಡಿಯಾರ ನೋಡೋರು ಯಾರು? ಬಸ್‌ಸ್ಟ್ಯಾಂಡಿನಲ್ಲಿ "ಅವೈಜ್ಞಾನಿಕ" ಅಂತ ಕೂಗಿದರೆ ಯಾರೂ ಕೇಳಲ್ಲ. ಒನಕೆಯನ್ನ ನಿಧಾನಕ್ಕೆ ನಿಲ್ಲಿಸಿ ತೋರಿಸಿದವರ ಮಾತನ್ನ ಮನೆಯವರು ಕೀ ವಿಚಾರದಲ್ಲೂ ಕೇಳ್ತಾರೆ. ಸಣ್ಣ ಪ್ರಶ್ನೆಗಳನ್ನ ಲಘುವಾಗಿ ತಗೋಬಾರದು ಅಂತ ನಾವು ಹಟ ಹಿಡಿಯೋದು ಈ ಕಾರಣಕ್ಕೆ.

ಎಲ್ಲದಕ್ಕೂ ಖಚಿತ ಉತ್ತರ ಇರಬೇಕು ಅಂತೇನೂ ಇಲ್ಲ. ಲಟಿಕೆ ಮುರಿದರೆ ಸಂಧಿವಾತ ಬರುತ್ತೆ ಅಂತ ಬೈಸಿಕೊಳ್ಳೋರು ಡೊನಾಲ್ಡ್ ಉಂಗರ್ ಅನ್ನೋ ಡಾಕ್ಟರ ಹೆಸರು ನೆನಪಿಟ್ಕೊಳ್ಳಿ. ಆತ 60 ವರ್ಷ ಬರೀ ಎಡಗೈ ಲಟಿಕೆ ಮುರಿದು, ಬಲಗೈಯನ್ನ ಹೋಲಿಕೆಗೆ ಅಂತ ಬಿಟ್ಟು, ಕೊನೆಗೆ ಎರಡೂ ಕೈಯಲ್ಲಿ ಸಂಧಿವಾತ ಇಲ್ಲ ಅಂತ ಬರೆದರು. 2009ರಲ್ಲಿ ಇಗ್ ನೊಬೆಲ್ ಬಂತು. ಒಬ್ಬರದೇ ಮೈ ಆದ್ದರಿಂದ ಇದು ಕಡೇ ಮಾತಲ್ಲ, ಆದರೆ ಪಕ್ಕಾ ಇಂಜಿನಿಯರ್ ಮೆಚ್ಚೋ ಕೆಲಸ. ಆ 'ಟಕ್' ಸದ್ದು ಕೀಲಿನ ದ್ರವದಲ್ಲಿ ಗುಳ್ಳೆ ಹುಟ್ಟುವಾಗ ಬರುತ್ತೋ ಕುಸಿಯುವಾಗ ಬರುತ್ತೋ ಅಂತ ವಿಜ್ಞಾನಿಗಳು ಈಗಲೂ ಜಗಳ ಆಡ್ತಿದ್ದಾರೆ. ನೀರಲ್ಲಿ ನೆನೆದ ಬೆರಳು ಸುಕ್ಕಾಗೋದು ಚರ್ಮ ನೀರು ಕುಡಿದಷ್ಟಕ್ಕೇ ಅಲ್ಲ, ನರಗಳ ಕೆಲಸ ಅದು. ನರ ತುಂಡಾದ ಬೆರಳು ಹಾಗೆ ಸುಕ್ಕಾಗಲ್ಲ. ಆದರೆ ಆ ಸುಕ್ಕು ಒದ್ದೆ ವಸ್ತು ಹಿಡಿಯೋಕೆ ಅಂತಲೇ ಬಂದದ್ದಾ? ಹೌದು ಅನ್ನೋ ಅಧ್ಯಯನವೂ ಇದೆ, ವ್ಯತ್ಯಾಸ ಕಾಣಲಿಲ್ಲ ಅನ್ನೋದೂ ಇದೆ. ಇದನ್ನ ಹೀಗೇ ಹೇಳಬಹುದು. ತಂಗಿಗೆ "ಇದಿನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ" ಅನ್ನೋ ಮಾತಿಗಿಂತ ಖುಷಿ ಕೊಡೋ ಉತ್ತರ ಇಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಹೇಳೋಕಾಗಲ್ಲ, ಪದ ಇಲ್ಲ ಅನ್ನೋರಿಗೆ ನಮ್ಮ ಹತ್ತಿರ ತಾಳ್ಮೆ ಕಮ್ಮಿ. 1918ರಲ್ಲೇ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಅಂತಲೇ ಮಾಸಪತ್ರಿಕೆ ಹೊರಡಿಸಿದರು. ಕಾಲೇಜನ್ನ ಅರ್ಧಕ್ಕೆ ಬಿಟ್ಟ ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಕಟ್ಟಿದರು. ಮೇಲಿನ ಪ್ಯಾರಾಗಳಲ್ಲಿ ನಾವೂ ಮೋಟಾರು, ಕಿಲೋಜೌಲ್ ಅಂತ ಇದ್ದದ್ದನ್ನ ಇದ್ದಂಗೇ ಬಳಸಿದೀವಿ, ಯಾರ ಭಾಷೆಯೂ ಕೆಡಲಿಲ್ಲ. ಪದ ಸಿಕ್ಕಿಲ್ಲ ಅನ್ನೋರಿಗೆ ಹೆಚ್ಚಾಗಿ ಸಿಗದೇ ಇರೋದು ವಿಷಯ.

ಫೋನಿಗೆ ಕೇಳಿದರೆ ಎರಡು ಸೆಕೆಂಡಲ್ಲಿ ಹೇಳುತ್ತಲ್ಲ, ನಾವ್ಯಾಕೆ ಅಂತಲೂ ಕೆಲವರ ಮಾತು. ಹೇಳುತ್ತೆ, ಬಹಳ ಸಲ ಸರಿಯಾಗೇ ಹೇಳುತ್ತೆ. ಆದರೆ ಫೋನು ಮಹಡಿ ಹತ್ತಿ ಬಾಟಲಿ ಬೀಳಿಸಲ್ಲ. ಅಜ್ಜಿ ಫೋನಿಗೆ ಕೇಳೋದೂ ಇಲ್ಲ. ಅವರಿಗೆ ವಾಟ್ಸಾಪಲ್ಲಿ ಉತ್ತರ ತಾನಾಗೇ ಬರುತ್ತೆ, ಪ್ರಶ್ನೆ ಹುಟ್ಟೋದಕ್ಕಿಂತ ಮೊದಲೇ.

ನವೆಂಬರಲ್ಲಿ ರಾಜ್ಯೋತ್ಸವಕ್ಕೆ ಕ್ಯಾಂಪಸ್ಸಲ್ಲಿ ಸ್ಟಾಲ್‌ಗಳು ಬರ್ತಾವಲ್ಲ, ಚುರುಮುರಿ, ಬಾವುಟ, ಫೋಟೋ ಬೂತ್. ಅದರ ಮಧ್ಯೆ ನಮ್ಮ ಸಂಘದ್ದೊಂದು ಟೇಬಲ್ ಇರಲಿ ಅನ್ನೋದು ನಮ್ಮ ಪ್ರಸ್ತಾಪ. ಮೆಸ್ಸಿನ ಅಕ್ಕಂದಿರು, ಸೆಕ್ಯೂರಿಟಿ ಅಣ್ಣಂದಿರು, ಅವರ ಮಕ್ಕಳು, ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು. ಮೆಕ್ಯಾನಿಕಲ್‌ನವರು ಮಡಕೆಗೆ, ಸಿವಿಲ್‌ನವರು ಒನಕೆಗೆ, ಕಂಪ್ಯೂಟರ್ ಸೈನ್ಸ್‌ನವರು ವಾಟ್ಸಾಪ್ ಫಾರ್ವರ್ಡ್‌ಗಳಿಗೆ. ಮೈಗೆ ಸಂಬಂಧಿಸಿದ ಪ್ರಶ್ನೆಗಳಿಗೆ ನಾವು ಡಾಕ್ಟರ್ ಆಟ ಆಡೋದು ಬೇಡ. ಕ್ಯಾಂಪಸ್ ಕ್ಲಿನಿಕ್ಕಿನವರನ್ನ ಒಂದೆರಡು ಗಂಟೆ ಬಂದು ಕೂರಿ ಅಂತ ಕೇಳೋಣ, ಫಿಟ್ಸ್ ಬಂದಾಗ ಏನು ಮಾಡಬೇಕು ಅನ್ನೋದನ್ನ ಅವರ ಕೈಯಲ್ಲೇ ಮಾಡಿ ತೋರಿಸೋಣ.

ಬಾಟಲಿ, ಮಡಕೆ, ತೂಕದ ಯಂತ್ರ ಹೊಂದಿಸಬಹುದು. ಹಾಸ್ಟೆಲ್‌ನಲ್ಲಿ ಒನಕೆ ಮಾತ್ರ ಯಾರ ಹತ್ತಿರವೂ ಇಲ್ಲ. ದಸರಾ ರಜಕ್ಕೆ ಊರಿಗೆ ಹೋಗೋರು ಯಾರಾದರೂ ಒಂದು ತಂದುಕೊಡಿ, ಬುಡ ಸವೆದಿರದಿದ್ದರೆ ಒಳ್ಳೇದು. ಬಸ್ಸಲ್ಲಿ ಲಗೇಜ್ ಟಿಕೆಟ್ ಕೇಳಿದರೆ ದುಡ್ಡು ಸಂಘ ಕೊಡುತ್ತೆ.