ದುಡಿಮೆಗೂ ಒಂದು ಶಾಸನ ಬೇಡವೇ?

ಶಿವಯೋಗ ಮಂದಿರದ ಬಳಿ, ಮಲಪ್ರಭೆಯ ದಂಡೆಯ ಮೇಲೆ ಕುಳಿತು ಈ ಮಾತುಗಳನ್ನು ಬರೆಯುತ್ತಿದ್ದೇನೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ವಟುಗಳ ಶಿಕ್ಷಣಕ್ಕೆಂದು ಸಂಸ್ಥೆಯನ್ನು ನೆಲೆಗೊಳಿಸಿದ ತಾಣವಿದು. ಸುತ್ತಲೂ ಬಾದಾಮಿ, ಮಹಾಕೂಟ, ಪಟ್ಟದಕಲ್ಲು. ಇಲ್ಲಿ ಕಲ್ಲು ಎತ್ತಿದಲ್ಲೆಲ್ಲ ಚರಿತ್ರೆ. ಇಂಥ ನೆಲದಲ್ಲಿ ಪಾಠ ಹೇಳುವವನಿಗೆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ತೋಚದೆ ಹೋಗುವುದು ಅಪರೂಪ. ನನಗೆ ಹೋದ ವರ್ಷ ಹಾಗಾಯಿತು.

ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದ ಮುಂದೆ ನಿಂತು ನಾನು ಉತ್ಸಾಹದಿಂದ ವಿವರಿಸಿದ್ದೆ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯಿದು. ಕಟ್ಟಿದ ಸೂತ್ರಧಾರಿಯ ಹೆಸರು ಗುಂಡ ಅನಿವಾರಿತಾಚಾರಿ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆಯಿತು. ಇದಕ್ಕೆ ಶಾಸನವೇ ಸಾಕ್ಷಿ ಎಂದೆ. ಕೆಲವು ವಾರಗಳ ಮೇಲೆ ಅದೇ ವಿದ್ಯಾರ್ಥಿಗಳೊಡನೆ ಗೋಕಾಕಕ್ಕೆ ಹೋದೆವು. ಧೂಪದಾಳದ ಒಡ್ಡಿನ ಬಳಿ ನಿಂತಾಗ ಅವರಲ್ಲೊಬ್ಬ ಕೇಳಿದ: “ಸರ್, ಇದನ್ನು ಕಟ್ಟಿದವರು ಯಾರು?” ನಾನು 1897 ಎಂದು ಇಸವಿ ಹೇಳಿದೆ, ಆಗ ಆಳುತ್ತಿದ್ದ ಸರಕಾರದ ಹೆಸರು ಹೇಳಿದೆ. “ಅಲ್ಲ ಸರ್, ಕಲ್ಲು ಹೊತ್ತವರು?” ಎಂದ. ಸಾವಿರದಿನ್ನೂರು ವರುಷಗಳ ಹಿಂದಿನ ಶಿಲ್ಪಿಯ ಹೆಸರು ಬಲ್ಲ ನಾನು, ನನ್ನ ಮುತ್ತಜ್ಜನ ಕಾಲದ ಒಬ್ಬ ಕೂಲಿಯ ಹೆಸರನ್ನೂ ಹೇಳಲಾರದೆ ಹೋದೆ.

ಗೋಕಾಕದ ಸಂಗತಿಯನ್ನು ತುಸು ವಿಚಾರಿಸಬೇಕು. ಘಟಪ್ರಭೆ ಅಲ್ಲಿ ಕುದುರೆಯ ಲಾಳದಂತೆ ಬಾಗಿದ ಬಂಡೆಯಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ದಂಡೆಯಲ್ಲಿ ಚಾಲುಕ್ಯ ಶೈಲಿಯ ಗುಡಿಗಳು. ನದಿಯ ಮೇಲೆ ಸುಮಾರು ಇನ್ನೂರು ಮೀಟರ್ ಉದ್ದದ ತೂಗು ಸೇತುವೆ. ಪಕ್ಕದಲ್ಲಿ 1880ರ ದಶಕದಲ್ಲಿ ನೀರಿನ ಬಲವನ್ನೇ ನಂಬಿ ಹುಟ್ಟಿದ ನೂಲಿನ ಗಿರಣಿ. ಮೇಲ್ಗಡೆ ಧೂಪದಾಳದ ಒಡ್ಡು, ಅದರಿಂದ ಹೊರಟ ಎಡದಂಡೆಯ ಕಾಲುವೆ. 1876–78ರ ಮಹಾಕ್ಷಾಮವನ್ನು ಕಂಡ ಸೀಮೆಗೆ ಈ ನೀರು ಏನಾಗಿ ಬಂದಿತೆಂಬುದನ್ನು ಊಹಿಸಬಹುದು. ಮುಂದೆ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು ಎದ್ದಿತು, ಕಾಲುವೆ ಇನ್ನಷ್ಟು ದೂರ ಸಾಗಿತು. ದೇವಾಲಯ, ಕಾಲುವೆ, ಯಂತ್ರ ಈ ಮೂರೂ ಒಂದೇ ನದಿಯ ಕೆಲವೇ ಮೈಲಿಗಳಲ್ಲಿ ಹೀಗೆ ಕೂಡಿರುವ ಎಡೆ ನಾಡಿನಲ್ಲಿ ಎಷ್ಟಿವೆ? ಆದರೂ ನಮ್ಮ ಪ್ರವಾಸಿಗರು ಜಲಪಾತವನ್ನು ನೋಡಿ, ಕರದಂಟು ಕೊಂಡು ಹಿಂದಿರುಗುತ್ತಾರೆ.

ಅಲ್ಲಿ ನದಿಯ ದಂಡೆಗುಂಟ ಒಂದು ಉದ್ಯಾನವಾಗಬೇಕು. ಹೂವಿನ ಮಡಿ, ಕಾರಂಜಿ, ಬಣ್ಣದ ದೀಪಗಳ ಉದ್ಯಾನಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾನು ಕೇಳುವುದು ಬೇರೊಂದು ಬಗೆಯದು. ಒಡ್ಡಿನಿಂದ ಜಲಪಾತದವರೆಗೆ ನೆರಳಿನ ಕಾಲುದಾರಿ. ಹಳೆಯ ತೂಬು, ಹಳೆಯ ಯಂತ್ರಗಳ ಬಳಿ ಅವು ಹೇಗೆ ಕೆಲಸ ಮಾಡುತ್ತಿದ್ದವೆಂದು ಕನ್ನಡದಲ್ಲಿ ತಿಳಿಸುವ ಫಲಕ. ದುಡಿದವರ ಮಾತು, ಚಿತ್ರ, ಉಪಕರಣಗಳಿಗೆ ಒಂದು ಮನೆ. ಧೂಪದಾಳದ ಜಲಾಶಯದ ಪರಿಸರವನ್ನು 1974ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ವಲಸೆ ಬರುವ ಹಕ್ಕಿಗೆ ದೊರೆತ ಆಶ್ರಯ, ಹೊಟ್ಟೆಪಾಡಿಗಾಗಿ ವಲಸೆ ಬಂದು ಗಿರಣಿ ಸೇರಿದವರ ನೆನಪಿಗೆ ಬೇಡವೇ?

ಇದು ಬರಿಯ ಕನಸಲ್ಲವೆಂಬುದಕ್ಕೆ ಅಮೆರಿಕದ ಲೋವೆಲ್ ನಗರ ನಿದರ್ಶನ. ಮೆರಿಮ್ಯಾಕ್ ನದಿಯ ನೀರನ್ನು ಕಾಲುವೆಗಳಲ್ಲಿ ಹರಿಸಿ ಅಲ್ಲಿ ಹತ್ತಿಯ ಗಿರಣಿಗಳನ್ನು ನಡೆಸಿದರು. ಇಪ್ಪತ್ತನೆಯ ಶತಮಾನದಲ್ಲಿ ಗಿರಣಿಗಳು ಮುಚ್ಚಿ ಊರು ಹಾಳುಬಿದ್ದಿತು. 1978ರಲ್ಲಿ ಆ ಕಾಲುವೆ, ಗಿರಣಿಗಳನ್ನೇ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿಸಿದರು. ಒಂಬತ್ತು ಕಿಲೋಮೀಟರಿನಷ್ಟು ಕಾಲುವೆಗಳು ಅಲ್ಲಿವೆ; ವಸ್ತುಸಂಗ್ರಹಾಲಯದಲ್ಲಿ ಮಗ್ಗಗಳು ಸದ್ದುಮಾಡುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಗಿರಣಿಯ ಹೆಣ್ಣುಮಕ್ಕಳು 1840ರಿಂದ 1845ರವರೆಗೆ ತಮ್ಮ ಬರಹಗಳದೇ ಒಂದು ಪತ್ರಿಕೆಯನ್ನು ನಡೆಸಿದರು. ಆ ಹತ್ತಿಯನ್ನು ಬೆಳೆದವರು ದಕ್ಷಿಣದ ಗುಲಾಮರೆಂಬ ಕಹಿಯನ್ನೂ ಅಲ್ಲಿ ಮುಚ್ಚಿಡುವುದಿಲ್ಲ.

ಪರಕೀಯರ ಆಳಿಕೆಯಲ್ಲಿ ಲಾಭಕ್ಕಾಗಿ ಎದ್ದ ಗಿರಣಿಗೆ ನಾವೇಕೆ ಗೌರವ ತೋರಬೇಕೆಂದು ಕೆಲವರು ಕೇಳಬಹುದು. ಬಂಡವಾಳ ಯಾರದೇ ಇರಲಿ, ಬೆವರು ನಮ್ಮದು. ಲಾಭದ ಕಥೆಯನ್ನೂ ಬೆವರಿನ ಕಥೆಯನ್ನೂ ಒಟ್ಟಿಗೆ ಹೇಳುವುದೇ ಚರಿತ್ರೆ. ಶಾಲೆಗಳ ಮಾಡು ಸೋರುತ್ತಿರುವಾಗ ಉದ್ಯಾನವೇಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಶಾಲೆಯ ಮಾಡು ಮೊದಲು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇದರ ಮೊದಲ ಹೆಜ್ಜೆಗೆ ಹಣ ಬೇಕಾಗಿಲ್ಲ.

ಆ ಹೆಜ್ಜೆಯನ್ನು ಇಡಬೇಕಾದವರು ನಾವು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು. ಹಂಜಿ, ಲಡಿ, ಪಾಳಿ, ಭೋಂಗಾ ಮುಂತಾಗಿ ಗಿರಣಿ ಬಳಸಿದ ನುಡಿಯನ್ನು, ಕಾಲುವೆಯ ಮೇಲಿನ ರೈತರ ನುಡಿಯನ್ನು ಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಗೋಕಾಕ ತಾಲೂಕು ಬೆಟಗೇರಿ ಕೃಷ್ಣಶರ್ಮರನ್ನೂ ಬಸವರಾಜ ಕಟ್ಟೀಮನಿಯವರನ್ನೂ ಕನ್ನಡಕ್ಕೆ ಕೊಟ್ಟಿತು. ಆ ನೆಲದ ಮಾತನ್ನು ಬರೆದಿಡಲು ನಮ್ಮ ಕಾಲೇಜುಗಳಿಗೆ ಒಂದು ಬೇಸಗೆಯ ರಜೆ ಸಾಲದೇ?

ತಡಮಾಡಿದರೆ ಏನಾಗುವುದೆಂದು ಬಾಗಲಕೋಟೆಯವರಿಗೆ ಹೇಳಬೇಕಾಗಿಲ್ಲ. ಇದೇ ಘಟಪ್ರಭೆಯ ದಂಡೆಯ ನಮ್ಮ ಹಳೆಯ ಊರಿನ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಸಂದವು. ಮನೆಗೆ ಪರಿಹಾರ ಬಂದಿತು, ನವನಗರದಲ್ಲಿ ನಿವೇಶನ ಬಂದಿತು. ಓಣಿಯ ಕಟ್ಟೆಯ ಮೇಲಿನ ಮಾತಿಗೆ ಯಾರು ಪರಿಹಾರ ಕೊಟ್ಟಾರು? ಅಲ್ಲಿ ನೀರು ಮುಳುಗಿಸಿತು. ಗೋಕಾಕದಲ್ಲಿ ಮುಳುಗಿಸುವುದು ನಮ್ಮ ಮರೆವು.

ಪಟ್ಟದಕಲ್ಲಿಗೆ 1987ರಲ್ಲಿ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಅದಕ್ಕಿಂತ ಎಷ್ಟೋ ಮೊದಲೇ ಚಾಲುಕ್ಯರು ಕಟ್ಟಿದವನ ಹೆಸರನ್ನು ಕಲ್ಲಿನಲ್ಲಿ ಬರೆಸಿ ನಮಗೊಂದು ಮೇಲ್ಪಂಕ್ತಿ ಹಾಕಿದ್ದರು. ಕಲ್ಲು ಹೊತ್ತವರು ಯಾರೆಂದು ಕೇಳಿದ ಆ ಹುಡುಗನಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಬೇಸಗೆಯಲ್ಲಿ ಅವನನ್ನೇ ಕರೆದುಕೊಂಡು ಹೋಗಿ, ಇಬ್ಬರೂ ಸೇರಿ ಹುಡುಕಬೇಕೆಂದಿದ್ದೇನೆ.