ಕಡಲ ತಳದ ಕಸಕ್ಕೆ ಸ್ನಾನಘಟ್ಟದಲ್ಲೇ ತಡೆ ಬೇಕು

ಬಂಟ್ವಾಳ: ಸಮುದ್ರದ ತಳಕ್ಕಿಳಿದು ಪ್ಲಾಸ್ಟಿಕ್, ಹರಿದ ಬಲೆ ಹೆಕ್ಕಿ ತರುವ ಸ್ವಯಂಸೇವಕ ಮುಳುಗುಗಾರರ ಸುದ್ದಿ ಚೆನ್ನೈ, ಪುದುಚೇರಿ, ಕೇರಳದ ವಿಳಿಂಜಂ ಕಡೆಯಿಂದ ಆಗಾಗ ಬರುತ್ತಿರುತ್ತದೆ. ಮಂಗಳೂರಿಗೂ ಅಂಥದೊಂದು ಪಡೆ ಬೇಕೆನಿಸುವುದು ಸಹಜ. ಆದರೆ ನೇತ್ರಾವತಿ ಹಾಗೂ ಫಲ್ಗುಣಿ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಈ ನಗರದ ಮಟ್ಟಿಗೆ, ತಳದ ಕಸದ ಬಹುಪಾಲು ಪ್ರಶ್ನೆ ಕಡಲಿನದಲ್ಲ, ನದಿಯದು.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ನೇತ್ರಾವತಿ ಸ್ನಾನ ಮಾಡುವ ಯಾತ್ರಿಕರಲ್ಲಿ ಹಲವರು ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು ಹೋಗುತ್ತಾರೆ. ಬಟ್ಟೆಯೊಡನೆ ದೋಷವೂ ಕಳೆಯುತ್ತದೆಂಬುದು ನಂಬಿಕೆ. ತೀರ್ಥಕ್ಷೇತ್ರಗಳಲ್ಲಿ ಜಲಮೂಲದ 500 ಮೀಟರ್ ವ್ಯಾಪ್ತಿಯಲ್ಲಿ ಸೋಪು, ಶಾಂಪೂ ಮಾರಾಟ ನಿಷೇಧಿಸಬೇಕು, ನೀರಿನಲ್ಲಿ ಬಟ್ಟೆ ಬಿಡುವುದನ್ನು ತಡೆಯಬೇಕು ಎಂದು ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದ್ದರು. ಅಂಗಡಿಯಲ್ಲಿ ಸೋಪು ತಡೆಯುವುದು ಸುಲಭ. ಮೈಮೇಲಿನ ಬಟ್ಟೆಯನ್ನು ತಡೆಯುವವರು ಯಾರು?

ಖಾಲಿ ಬಾಟಲಿ ತೇಲುತ್ತದೆ, ಅಡ್ಡಬಲೆಗೆ ಸಿಕ್ಕುತ್ತದೆ. ನೆನೆದ ಬಟ್ಟೆ ಹಾಗಲ್ಲ. ಅದು ಮುಳುಗಿ ಬಂಡೆಗೂ ಬೇರಿಗೂ ಸುತ್ತಿಕೊಳ್ಳುತ್ತದೆ, ಮೇಲೆ ಮರಳು ಕೂರುತ್ತದೆ. ಆಮೇಲೆ ಅದನ್ನು ಬಿಡಿಸಲು ಮನುಷ್ಯನ ಕೈಯೇ ಬೇಕು. ಈ ಭಾಗದ ಶೌರ್ಯ ವಿಪತ್ತು ನಿರ್ವಹಣಾ ಘಟಕಗಳ ಸ್ವಯಂಸೇವಕರು ನೀರಿಗಿಳಿದು ಈ ಕೆಲಸ ಮಾಡಿದ್ದುಂಟು. ಅವರ ಶ್ರಮ ಪ್ರಶಂಸನೀಯವೇ. ಆದರೆ ಸೋಮವಾರ ಮತ್ತೆ ಬಸ್ಸುಗಳು ಬರುತ್ತವೆ.

ಕೆಳಗೆ ಪಾಣೆಮಂಗಳೂರಿನಲ್ಲಿ ವಿಷಯ ಇನ್ನಷ್ಟು ಗಂಭೀರ. ಸೇತುವೆಯ ಬಳಿ ನೀರಿಗೆ ಬಿದ್ದವರನ್ನು ಹುಡುಕಲು ಮೊದಲು ಧಾವಿಸುವವರು ಗೂಡಿನಬಳಿಯ ಈಜುಗಾರರು. ಕಲಕಿದ ನೀರಿನಲ್ಲಿ ಕಣ್ಣು ಕಾಣದು, ಕೈಯಾಡಿಸಿಯೇ ಹುಡುಕಬೇಕು. ಅಂಥಲ್ಲಿ ಸೀರೆಯೋ ಬಲೆಯ ತುಂಡೋ ಕಾಲಿಗೆ ಸುತ್ತಿದರೆ, ಜೀವ ಉಳಿಸಲು ಹೋದವನ ಜೀವಕ್ಕೇ ಕುತ್ತು. ನದಿತಳದ ಬಟ್ಟೆಯನ್ನು ಕೇವಲ ನೈರ್ಮಲ್ಯದ ವಿಷಯವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ಗೇಟು ಇಳಿಸಿದಾಗ ಹಿನ್ನೀರು ನಿಲ್ಲುತ್ತದೆ. ಮೇಲಿನಿಂದ ಬಂದದ್ದೂ ಅಲ್ಲೇ ತಂಗುತ್ತದೆ. ಮಂಗಳೂರು ಕುಡಿಯುವುದು ಇದೇ ನೀರನ್ನು. ಫಲ್ಗುಣಿಯ ಸ್ಥಿತಿಯೂ ಭಿನ್ನವಲ್ಲ. ಮೂಡುಬಿದಿರೆ ಪಟ್ಟಣಕ್ಕೆ ಪುಚ್ಚೆಮೊಗರಿನಲ್ಲಿ ನೀರು ಕೊಡುವ ಈ ನದಿಗೆ, ಕೆಳಗೆ ಮಂಗಳೂರಿನ ಸೆರಗಿನಲ್ಲಿ ಪಚ್ಚನಾಡಿ ತ್ಯಾಜ್ಯರಾಶಿಯ ಕೊಳೆನೀರು ಸೇರಿದ ದೂರುಗಳಿವೆ. 2019ರ ಆಗಸ್ಟ್ ಮಳೆಗೆ ಆ ರಾಶಿಯೇ ಕುಸಿದು ಮಂದಾರದ ತೋಟ, ಮನೆಗಳ ಮೇಲೆ ಹರಿದದ್ದನ್ನು ಜಿಲ್ಲೆ ಮರೆತಿಲ್ಲ.

ನೆರೆಯ ಕೇರಳದ ಎರಡು ಉದಾಹರಣೆಗಳು ಇಲ್ಲಿ ಪ್ರಸ್ತುತ. ಪಂಪೆಯಲ್ಲಿ ಬಟ್ಟೆ ಬಿಡುವುದನ್ನು ಅಲ್ಲಿನ ಹೈಕೋರ್ಟ್ ನಿಷೇಧಿಸಿತು. ಶಬರಿಮಲೆಗೆ ಹೋಗುವ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಎರಡನೆಯದು 2017ರಲ್ಲಿ ಆರಂಭವಾದ ‘ಶುಚಿತ್ವ ಸಾಗರಂ’. ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಮೀನುಗಾರರು ದಡಕ್ಕೆ ತಂದರು, ಮಹಿಳೆಯರು ವಿಂಗಡಿಸಿದರು, ಪುಡಿ ಮಾಡಿದ ಪ್ಲಾಸ್ಟಿಕ್ ರಸ್ತೆ ಡಾಂಬರಿಗೆ ಸೇರಿತು. ಮೇಲೆತ್ತಿದ ಕಸಕ್ಕೆ ಒಂದು ನೆಲೆ ಮೊದಲೇ ಗೊತ್ತಾಗಿತ್ತೆಂಬುದೇ ಅದರ ವೈಶಿಷ್ಟ್ಯ.

ನಮ್ಮಲ್ಲಿ ತೊಡಕಿರುವುದು ಅಲ್ಲೇ. ನದಿಯಿಂದ ತೆಗೆದ ಮರಳುಮೆತ್ತಿದ ಬಟ್ಟೆ ಮರುಬಳಕೆಗೆ ಬಾರದು, ಪಾಲಿಯೆಸ್ಟರ್ ಸುಟ್ಟರೆ ವಿಷದ ಹೊಗೆ. ಬಂಟ್ವಾಳ ಪುರಸಭೆಯ ಕಂಚಿನಡ್ಕಪದವು ತ್ಯಾಜ್ಯ ಘಟಕಕ್ಕೇ ಸ್ಥಳೀಯರ ವಿರೋಧ ವರ್ಷಗಟ್ಟಲೆ ನಡೆಯಿತು. ಪಟ್ಟಣದ ಕಸಕ್ಕೇ ಜಾಗವಿಲ್ಲದಾಗ ನದಿಯ ಕಸಕ್ಕೆ ಯಾವ ಪಂಚಾಯತು ಒಪ್ಪೀತು?

ಬಟ್ಟೆ ಒಣಗಿರುವಾಗಲೇ ಪಡೆಯುವುದು ಅಗ್ಗದ ದಾರಿ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಪಾದಯಾತ್ರಿಗಳು ಬರುವ ಹೊತ್ತಿಗೆ ನದಿಯ ಹರಿವು ಕುಗ್ಗಿರುತ್ತದೆ. ಆ ದಿನಗಳಲ್ಲಿ ಮೆಟ್ಟಿಲ ಬಳಿ ಬಟ್ಟೆ ಸಂಗ್ರಹದ ತೊಟ್ಟಿ, ಪಕ್ಕದಲ್ಲೊಬ್ಬ ಕಾವಲಿನವ ಇದ್ದರೆ ಮುಳುಗುಗಾರರ ಅರ್ಧ ಕೆಲಸ ಉಳಿಯುತ್ತದೆ. ಉಳಿದರ್ಧಕ್ಕೆ ಅವರಿಗೆ ಉಸಿರಾಟದ ಸಲಕರಣೆ ಮತ್ತು ವಿಮೆ ಒದಗಿಸುವ ಹೊಣೆ ಜಿಲ್ಲಾಡಳಿತದ್ದು. ಈ ಕೆಲಸಕ್ಕಿರುವ ಅವಧಿ ಜೂನ್‌ವರೆಗೆ ಮಾತ್ರ. ತುಂಬೆಯ ಗೇಟು ಎತ್ತಿದ ಮೇಲೆ ತಳದಲ್ಲಿದ್ದುದು ಉಳ್ಳಾಲದತ್ತ ಹೊರಟಿರುತ್ತದೆ.